ಶಿವಕ್ಕ ಉಜ್ಜಿ ಕಳೆದುಕೊಂಡ ಹಲ್ಲುಗಳು

ಕಾಮಾಕ್ಷಿಪಾಳ್ಯದ ಆ ಗಲ್ಲಿಯಲ್ಲಿ ಮನೆಗೂ ಮನೆಗೂ ಒಂದೇ ಗೋಡೆ. ಒಬ್ಬರ ಬಚ್ಚಲಲ್ಲಿ ಚೊಂಬು ಬಿದ್ದರೆ ಪಕ್ಕದ ಮನೆಗೆ ಕೇಳಿಸುತ್ತದೆ. ಶಿವಕ್ಕ ಹಲ್ಲು ಉಜ್ಜುವ ಸದ್ದೂ ಹಾಗೆಯೇ ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಎದ್ದು ಉಜ್ಜುವುದು ಸರಿ. ಶಿವಕ್ಕ ತಿಂಡಿಯಾದ ಮೇಲೂ ಉಜ್ಜುವಳು, ಊಟವಾದ ಮೇಲೂ ಉಜ್ಜುವಳು, ಸಂಜೆ ಅರ್ಧ ಚಪಾತಿ ತಿಂದರೂ ಎದ್ದು ಹೋಗಿ ಉಜ್ಜುವಳು.

"ಶಿವಕ್ಕಾ, ಹಲ್ಲು ಉಜ್ತಾ ಇದೀರೋ ಹಂಡೆ ಉಜ್ತಾ ಇದೀರೋ?" ಎಂದು ಪಕ್ಕದ ಮನೆಯ ಲಕ್ಷ್ಮೀಪತಿ ಗೋಡೆಯಾಚೆಯಿಂದ ಕೇಳುವರು.

"ಹಲ್ಲೇ ಸ್ವಾಮಿ. ನಿಮ್ಮನೆ ಹಂಡೆ ಇದ್ರೆ ಕಳಿಸಿ, ಅದನ್ನೂ ಉಜ್ಜಿಕೊಡ್ತೀನಿ."

ಎಲ್ಲರೂ ನಗುವರು. ರಕ್ಷಾ ನಗುತ್ತಿರಲಿಲ್ಲ.

ರಕ್ಷಾ ಶಿವಕ್ಕನ ಒಬ್ಬಳೇ ಮಗಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹತ್ತಿರದ ಗಾರ್ಮೆಂಟ್ಸಿನಿಂದ ಅಂಗಿಗಳನ್ನು ತಂದು, ನಡುಮನೆಯ ಬಾಗಿಲ ಬಳಿ ಕೂತು ಗುಂಡಿ ಹೊಲಿಯುವಳು. ಮಾತು ಕಡಿಮೆ. ಬಂದವರ ಮುಂದೆ ತಲೆ ಎತ್ತುವುದೂ ಕಡಿಮೆ. ಆದರೆ ಕಣ್ಣು ಕಿವಿ ಎರಡೂ ಚುರುಕು. ಅಮ್ಮ ಬಚ್ಚಲಿಗೆ ಹೋದ ಕೂಡಲೇ ನಲ್ಲಿಯನ್ನು ಜೋರಾಗಿ ಬಿಡುವುದು ಯಾಕೆಂದು ಅವಳಿಗೆ ಗೊತ್ತಿತ್ತು. ನೀರಿನ ಸದ್ದಿನ ಕೆಳಗೆ ಇನ್ನೊಂದು ಸದ್ದು ಇರುತ್ತಿತ್ತು. ಅಮ್ಮ ವಾಂತಿ ಮಾಡಿಕೊಳ್ಳುತ್ತಿದ್ದಳು. ಅದಾದ ಮೇಲೆಯೇ ಉಜ್ಜುವ ಸದ್ದು ಶುರುವಾಗುತ್ತಿತ್ತು.

ಶಿವಕ್ಕ ಮೊದಲು ತುಂಬ ದಪ್ಪ ಇದ್ದಳು. ಮಂಡಿ ನೋವಿಗೆ ಮೆಟ್ಟಿಲು ಹತ್ತಲಾರಳು. ಸಕ್ಕರೆ ಕಾಯಿಲೆ ಹತೋಟಿಗೆ ಬರಲೇ ಇಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಹೊಟ್ಟೆಯನ್ನು ಸಣ್ಣದು ಮಾಡುವ ಆಪರೇಷನ್ ಮಾಡಿಸಿಕೊಂಡರೆ ಒಳ್ಳೆಯದು ಎಂದರು. ಗಂಡ ಶಂಭುಲಿಂಗಪ್ಪ ಲೇತ್ ವರ್ಕ್‌ಶಾಪಿನಲ್ಲಿ ಮೇಸ್ತ್ರಿ. ಅವನು ಒಪ್ಪಲಿಲ್ಲ. "ದೇವರು ಕೊಟ್ಟ ಹೊಟ್ಟೆ ಕೊಯ್ಸಿ ಬಿಸಾಕ್ತೀಯಾ? ನಾಳೆ ಏನಾದ್ರೂ ಆದ್ರೆ ನನ್ನ ಕೇಳ್ಬೇಡ" ಎಂದಿದ್ದ. ಶಿವಕ್ಕ ಹಟ ಹಿಡಿದು ಮಾಡಿಸಿಕೊಂಡಳು.

ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯಲ್ಲಿ, "ಹಲ್ಲಿನ ಡಾಕ್ಟರ ಹತ್ರ ಒಂದ್ಸಲ ತೋರಿಸ್ಕೊಂಡು ಬನ್ನಿ. ಇನ್ಮೇಲೆ ಪ್ರತಿ ತುತ್ತನ್ನೂ ನುಣ್ಣಗೆ ಅಗಿದು ತಿನ್ಬೇಕು" ಎಂದು ಹೇಳಿದ್ದರು. ಶಿವಕ್ಕನ ಹಿಂದಿನ ದವಡೆ ಹಲ್ಲುಗಳು ಆಗಲೇ ಒಂದೊಂದಾಗಿ ಅಲ್ಲಾಡಿ ಬಿದ್ದಿದ್ದವು. ಸಕ್ಕರೆ ಕಾಯಿಲೆಗೆ ವಸಡು ಸೋತು ಹೀಗಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹೇಳಿದರೆ ಆಪರೇಷನ್ ಮುಂದಕ್ಕೆ ಹಾಕಿಬಿಡುತ್ತಾರೆಂದು ಹೆದರಿ, "ತೋರಿಸಾಯ್ತು, ಎಲ್ಲಾ ಗಟ್ಟಿಯಾಗಿದೆ" ಎಂದುಬಿಟ್ಟಳು.

ಮೈ ಇಳಿಯಿತು. ಸಕ್ಕರೆ ಇಳಿಯಿತು. ಶಿವಕ್ಕ ಮೆಟ್ಟಿಲು ಹತ್ತಿ ತಾರಸಿಯ ಮೇಲೆ ಹಪ್ಪಳ ಒಣಗಿಸಿದ ದಿನ ಗಲ್ಲಿಯವರೆಲ್ಲ ಬಂದು ನೋಡಿದರು. ಆದರೆ ಅಗಿಯುವುದಕ್ಕೆ ದವಡೆ ಹಲ್ಲಿಲ್ಲ. ಅರ್ಧ ಅಗಿದು ನುಂಗಿದ ಅನ್ನ, ಚಪಾತಿ ಆ ಸಣ್ಣ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ವಾಂತಿ. ಮತ್ತೆ ಹುಳಿ ತೇಗು. ಗಂಡನಿಗೆ ಹೇಳಿದರೆ "ನಾನು ಅವತ್ತೇ ಹೇಳ್ಲಿಲ್ವಾ" ಎನ್ನುತ್ತಾನೆ. ಅದಕ್ಕೇ ನಲ್ಲಿ ಜೋರಾಗಿ ಬಿಡುತ್ತಿದ್ದಳು.

ಉಜ್ಜುತ್ತಿದ್ದದ್ದು ಮಾತ್ರ ಗಂಡನಿಗೆ ಹೆದರಿ ಅಲ್ಲ. ಶಿವಕ್ಕನ ಎದೆಯ ಮೇಲೆ ಲಿಂಗವಿತ್ತು. ವಾಂತಿಯಾದ ಬಾಯಿ ಇಟ್ಟುಕೊಂಡು ಲಿಂಗ ಧರಿಸಿ ಕೂರುವುದು ಅವಳಿಗೆ ಆಗದ ಮಾತು. ಗಟ್ಟಿ ಬ್ರಷ್ಷಿಗೆ ಕರಿ ಹಲ್ಲುಪುಡಿ ಅದ್ದಿ, ಹುಳಿಯ ರುಚಿ ಹೋಗುವ ತನಕ ಉಜ್ಜುವಳು. ಹಾಗೆ ಮಾಡಿದಾಗಲೇ ಅವಳಿಗೆ ಸಮಾಧಾನ.

ರಕ್ಷಾ ನೋಡುತ್ತಿದ್ದಳು. ಅಮ್ಮನ ಮುಂದಿನ ಹಲ್ಲುಗಳು ಬಿಳುಪು ಕಳೆದು ಹಳದಿಯಾದವು. ಆಮೇಲೆ ಅಂಚು ತೆಳ್ಳಗಾಗಿ ಉಗುರಿನ ಹಾಗಾದವು. ಅಮ್ಮ ತಣ್ಣೀರು ಕುಡಿಯುವುದನ್ನು ಬಿಟ್ಟಳು. ಸೋಮವಾರದ ಅಕ್ಕನ ಬಳಗದಲ್ಲಿ ವಚನ ಹಾಡಲು ಅಮ್ಮನೇ ಮುಂದೆ ಕೂರುತ್ತಿದ್ದಳು. ಈಗ ಗಾಳಿ ಸೋಕಿದರೂ ಹಲ್ಲು ಜುಂ ಎನ್ನುತ್ತದೆಂದು ಹಿಂದಿನ ಸಾಲಿಗೆ ಹೋದಳು. ಕೊನೆಗೆ ಬಳಗಕ್ಕೆ ಹೋಗುವುದನ್ನೇ ನಿಲ್ಲಿಸಿದಳು.

ಒಂದು ಭಾನುವಾರ ತಿಂಡಿಗೆ ಇಡ್ಲಿ ಮಾಡಿದ್ದರು. ಲಕ್ಷ್ಮೀಪತಿಯ ಹೆಂಡತಿ ಅಂಬುಜಾ ಚಟ್ನಿಗೆಂದು ಕೊತ್ತಂಬರಿ ಸೊಪ್ಪು ಕೊಡಲು ಬಂದು ಅಲ್ಲೇ ನಿಂತಿದ್ದರು. ಶಿವಕ್ಕ ಇಡ್ಲಿಯ ಒಂದು ಚೂರನ್ನು ಬಾಯಿಗಿಟ್ಟಳು. ಬೆರಳು ಹಾಕಿ ಬಾಯಿಂದ ಏನನ್ನೋ ತೆಗೆದಳು.

"ಕಲ್ಲಾ?" ಎಂದ ಶಂಭುಲಿಂಗಪ್ಪ. "ಅಕ್ಕಿ ಸರಿಯಾಗಿ ಆರಿಸ್ಬಾರ್ದಾ ರಕ್ಷಾ?"

ಕಲ್ಲಲ್ಲ. ಅಮ್ಮನ ಮುಂದಿನ ಹಲ್ಲಿನ ಅರ್ಧ ಭಾಗ. ಹತ್ತಿಯಂಥ ಇಡ್ಲಿಗೆ ಹಲ್ಲು ಮುರಿದಿತ್ತು.

ಶಂಭುಲಿಂಗಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನೋಡಿದ್ರಾ ಅಂಬುಜಮ್ಮ? ಎಲ್ಲಾ ಆ ಆಪರೇಷನ್ನಿಂದ. ಬೇಡ ಬೇಡ ಅಂತ ಬಡ್ಕೊಂಡೆ. ಹೊಟ್ಟೆ ಕೊಯ್ಸಿದ್ಲು, ಈಗ ಹಲ್ಲೂ ಹೋಯ್ತು."

"ಆಪರೇಷನ್ನಿಂದ ಅನ್ಬೇಡಿ," ಎಂದರು ಅಂಬುಜಾ. "ನಂದೂ ಅದೇ ಆಪರೇಷನ್. ನೀವು ಈ ಗಲ್ಲಿಗೆ ಬರೋಕೆ ಮುಂಚೆ ಆಗಿದ್ದು. ನನ್ನ ಹಲ್ಲು ಇಲ್ಲೇ ಇದೆಯಲ್ಲ."

"ನಿಮಗೂ ಆಗಿದೆಯಾ?"

"ನಮ್ಮನೆಯವರನ್ನ ಕೇಳಿ. ಸ್ಕೂಟರ್ ಹಿಂದೆ ನಾನು ಕೂತ್ರೆ ಮುಂದಿನ ಚಕ್ರ ಮೇಲೇಳ್ತಿತ್ತು ಅಂತ ಇವತ್ತಿಗೂ ಆಡ್ಕೋತಾರೆ." ಅಂಬುಜಾ ಶಿವಕ್ಕನ ಪಕ್ಕ ಕೂತರು. "ನಾನು ಆಪರೇಷನ್ನಿಗೆ ಮುಂಚೆ ಹಲ್ಲು ತೋರಿಸ್ಕೊಂಡೆ. ಈಗ್ಲೂ ಆರು ತಿಂಗಳಿಗೊಂದ್ಸಲ ಹೋಗ್ತೀನಿ. ನಡೀರಿ ಶಿವಕ್ಕ, ಬಸವೇಶ್ವರನಗರದಲ್ಲಿ ನನ್ನ ಡಾಕ್ಟ್ರಿದಾರೆ."

"ಬೇಡ ಅಂಬುಜಮ್ಮ. ಹೋಗಿದ್ದು ಹೋಯ್ತು. ಈ ವಯಸ್ಸಲ್ಲಿ ನನಗೆ ಹಲ್ಲು ಯಾಕೆ?"

"ಮಿಕ್ಕಿದ್ದೂ ಹೋದ್ರೆ ಏನು ತಿಂತೀರಿ? ತಿನ್ನದೇ ಇದ್ರೆ ಬದುಕೋದು ಹೇಗೆ?"

ಶಿವಕ್ಕ ಒಪ್ಪಿದಳು. ಮರುದಿನ ರಕ್ಷಾಳನ್ನೂ ಕರೆದುಕೊಂಡು ಹೋದರು. ಶಂಭುಲಿಂಗಪ್ಪನೂ ರಜೆ ಹಾಕಿ ಬಂದ. ಆಪರೇಷನ್ನಿನದೇ ತಪ್ಪು ಎಂದು ಡಾಕ್ಟರ ಬಾಯಿಂದಲೇ ಹೇಳಿಸಬೇಕೆಂದು ಅವನ ಮನಸ್ಸಿನಲ್ಲಿತ್ತು.

ಡಾಕ್ಟರ್ ಕವನಾ ಬಾಯಿಗೆ ಲೈಟು ಹಿಡಿದು ಬಹಳ ಹೊತ್ತು ನೋಡಿದರು. "ದಿನಕ್ಕೆ ಎಷ್ಟು ಸಲ ಉಜ್ತೀರಮ್ಮ?"

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ."

"ವಾಂತಿ, ಹುಳಿ ತೇಗು ಏನಾದ್ರೂ ಬರುತ್ತಾ?"

"ಏನೂ ಇಲ್ಲ."

ಗೋಡೆಗೆ ಒರಗಿ ನಿಂತಿದ್ದ ರಕ್ಷಾ ಒಂದು ಹೆಜ್ಜೆ ಮುಂದೆ ಬಂದಳು. ಅಮ್ಮ ಆಪರೇಷನ್ನಿಗೆ ಮುಂಚೆಯೂ ಹೀಗೆಯೇ ಹೇಳಿದ್ದಳು. ಈಗಲೂ ಹೀಗೆಯೇ ಹೇಳಿ ಎದ್ದು ಹೋದರೆ ಉಳಿದ ಹಲ್ಲುಗಳಿಗೂ ಅದೇ ಗತಿ.

"ಅಮ್ಮಂಗೆ ವಾಂತಿ ಆಗುತ್ತೆ ಮೇಡಂ," ಎಂದಳು ರಕ್ಷಾ. ದನಿ ಅರ್ಧಕ್ಕೇ ನಿಂತಿತು. ಮತ್ತೆ ಎತ್ತಿಕೊಂಡಳು. "ದಿನಾ ಆಗುತ್ತೆ. ಆದ ಕೂಡ್ಲೇ ಕರಿ ಹಲ್ಲುಪುಡಿ ಹಾಕಿ ಉಜ್ತಾರೆ. ಪ್ರತಿ ಸಲ."

ಶಿವಕ್ಕ ಮಗಳ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ರಕ್ಷಾಳಿಗೆ ಸುಲಭವಾಗುತ್ತಿತ್ತು.

"ದಿನಾನಾ?" ಎಂದ ಶಂಭುಲಿಂಗಪ್ಪ. "ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಏನಂತಿದ್ರಿ?" ಎಂದಳು ಶಿವಕ್ಕ.

ಅವನು ತಲೆ ಬಗ್ಗಿಸಿದ.

ಕವನಾ ಕುರ್ಚಿ ಎಳೆದುಕೊಂಡು ಶಿವಕ್ಕನ ಎದುರು ಕೂತರು. "ಹೊಟ್ಟೆಯಿಂದ ಮೇಲೆ ಬರೋ ಹುಳಿ ಇದೆಯಲ್ಲಮ್ಮ, ಅದು ಹಲ್ಲಿನ ಮೇಲಿನ ಗಟ್ಟಿ ಹೊದಿಕೇನ ಮೆತ್ತಗೆ ಮಾಡುತ್ತೆ. ಹೊಸ ಗೋಡೆಗೆ ಗಾರೆ ಹಾಕಿರ್ತಾರೆ, ಹಸಿ ಇರುವಾಗ್ಲೇ ಅದರ ಮೇಲೆ ಪೊರಕೆ ಆಡಿಸಿದ್ರೆ ಏನಾಗುತ್ತೆ?"

"ಗಾರೆ ಕಿತ್ಕೊಂಡು ಬರುತ್ತೆ."

"ನಿಮ್ಮ ಹಲ್ಲಿಗೂ ಅದೇ ಆಗಿದ್ದು. ಸ್ವಲ್ಪ ಹೊತ್ತು ಬಿಟ್ರೆ ಎಂಜಲೇ ಅದನ್ನ ಮತ್ತೆ ಗಟ್ಟಿ ಮಾಡ್ತಿತ್ತು. ವಾಂತಿಯಾದ ಕೂಡ್ಲೇ ಉಜ್ಬಾರದು. ಒಂದು ಗಂಟೆ ಬಿಟ್ಟು, ಮೆತ್ತನೆ ಬ್ರಷ್ಷಲ್ಲಿ, ಫ್ಲೋರೈಡ್ ಇರೋ ಪೇಸ್ಟ್ ಹಾಕಿ ಉಜ್ಜಿ. ಆ ಕರಿ ಪುಡಿ ಬೇಡ. ಮತ್ತೆ ವಾಂತಿ ಆಗ್ತಾ ಇದೆ ಅಂತ ಆಪರೇಷನ್ ಮಾಡಿದ ಡಾಕ್ಟರಿಗೆ ಈ ವಾರಾನೇ ಹೋಗಿ ಹೇಳಿ. ಅದನ್ನ ಮುಚ್ಚಿಡ್ಬಾರದು."

ಶಿವಕ್ಕ ಮೆಲ್ಲಗೆ ಕೇಳಿದಳು, "ಒಂದು ಗಂಟೆ ತನಕ ಆ ಬಾಯಲ್ಲೇ ಇರ್ಲಾ ಡಾಕ್ಟ್ರೇ? ಮೈಮೇಲೆ ಲಿಂಗ ಇದೆ."

ಕವನಾ ನಗಲಿಲ್ಲ. "ನೀರು ಹಾಕಿ ಚೆನ್ನಾಗಿ ಮುಕ್ಕಳಿಸಿ. ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕ್ಕೊಂಡ್ರೆ ಇನ್ನೂ ಒಳ್ಳೇದು, ಹುಳಿ ಇಳಿಯುತ್ತೆ."

"ಬರೀ ನೀರಾ?"

ಆಗ ಶಂಭುಲಿಂಗಪ್ಪ ಮಾತಾಡಿದ. "ಅಭಿಷೇಕಕ್ಕೆ ನೀರು ಸಾಕು ಅಂದ್ಮೇಲೆ ನಿನ್ನ ಬಾಯಿಗೆ ಸಾಲ್ದಾ ಶಿವಕ್ಕ?"

ಶಿವಕ್ಕನ ಕಣ್ಣಲ್ಲಿ ನೀರು ಬಂತು. "ಹಾಗಾದ್ರೆ ನಾನು ಇಷ್ಟು ದಿನ ಮಾಡಿದ್ದು?"

ಶುದ್ಧವಾಗಿರಬೇಕೆಂದು ಉಜ್ಜಿದ್ದಳು. ಹಾಗೆ ಉಜ್ಜಿದ್ದೇ ಹಲ್ಲನ್ನು ತಿಂದಿತ್ತು.

"ಹಾಗಿದ್ರೂ ಆಪರೇಷನ್ನಿಂದ ತಾನೇ ವಾಂತಿ ಬಂದಿದ್ದು?" ಎಂದು ಶಂಭುಲಿಂಗಪ್ಪ ಕೇಳಿದ. ಈಗ ಅವನ ದನಿಯಲ್ಲಿ ಜಗಳವಿರಲಿಲ್ಲ.

"ಆಪರೇಷನ್ ಆದವರಿಗೆ ಹುಳಿ ತೇಗು, ವಾಂತಿ ಬರಬಹುದು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ ತಿನ್ನೋದ್ರಿಂದ ಹಲ್ಲು ಹುಳುಕೋದೂ ಜಾಸ್ತಿ. ಆದ್ರೆ ಇವರ ಬಾಯಿ ಕೆಡೋಕೆ ಶುರುವಾಗಿದ್ದು ಆಪರೇಷನ್ನಿಗೆ ಮುಂಚೆ. ಬೊಜ್ಜು, ಸಕ್ಕರೆ ಕಾಯಿಲೆ, ವಸಡಿನ ರೋಗ ಒಂದರ ಹಿಂದೆ ಒಂದು ಬರುತ್ವೆ. ಆಗ್ಲೇ ವಸಡಿಗೆ ಮದ್ದು ಮಾಡಿಸಿ, ದವಡೆ ಹಲ್ಲು ಕಟ್ಟಿಸ್ಕೊಂಡಿದ್ರೆ ಊಟ ಅಗಿಯೋಕೆ ಆಗ್ತಿತ್ತು. ಇಷ್ಟು ವಾಂತಿ ಆಗ್ತಿರಲಿಲ್ಲ. ಆಪರೇಷನ್ ಇವರ ಜೀವ ಉಳಿಸಿದೆ ಅಂತಾನೇ ನಾನು ಹೇಳ್ತೀನಿ."

ಮುರಿದ ಹಲ್ಲನ್ನೂ ಅದರ ಪಕ್ಕದ್ದನ್ನೂ ಉಳಿಸಲಾಗಲಿಲ್ಲ. ಎರಡನ್ನೂ ತೆಗೆದರು. ಉಳಿದವಕ್ಕೆ ಹೊದಿಕೆ ಹಾಕಬಹುದು, ಆದರೆ ಸವೆದು ಹೋದದ್ದು ಮತ್ತೆ ಬೆಳೆಯುವುದಿಲ್ಲ ಎಂದು ಕವನಾ ಮುಚ್ಚುಮರೆಯಿಲ್ಲದೆ ಹೇಳಿದರು. ಬಸ್ಸಿನಲ್ಲಿ ಬರುವಾಗ ಶಿವಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬಾಯಲ್ಲಿ ಹತ್ತಿ ಇತ್ತು. ರಕ್ಷಾ ಅಮ್ಮನ ಕೈ ಹಿಡಿಯಲೋ ಬೇಡವೋ ಎಂದು ಸುಮಾರು ಹೊತ್ತು ಯೋಚಿಸಿದಳು. ಕೊನೆಗೆ ಶಿವಕ್ಕನೇ ಮಗಳ ಕೈ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಈಗ ಶಿವಕ್ಕನಿಗೆ ವಾಂತಿ ಕಡಿಮೆಯಾಗಿದೆ. ದೊಡ್ಡಾಸ್ಪತ್ರೆಗೆ ಹೋಗಿ ಎಲ್ಲ ಹೇಳಿಕೊಂಡಳು. ಅವರು ಮಾತ್ರೆ ಬದಲಿಸಿದರು, ಊಟ ಮೆದುವಾಗಿರಲಿ, ನಿಧಾನವಾಗಿರಲಿ ಎಂದರು, ಬಿಟ್ಟಿದ್ದ ವಿಟಮಿನ್ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಮತ್ತೆ ಶುರು ಮಾಡಿಸಿದರು. ಅಕ್ಕನ ಬಳಗದವರು ಕರೆಯಲು ಬಂದಿದ್ದರು. "ಹಲ್ಲು ಕಟ್ಟಿಸ್ಕೊಳ್ತೀನಿ, ಆಮೇಲೆ ನೋಡೋಣ" ಎಂದಳು. ಮುಂದಿನ ಹಲ್ಲಿಲ್ಲದೆ ಮಾತಿನಲ್ಲಿ 'ಸ' ಅಕ್ಷರ ಜಾರಿತು. ಬಂದವರಲ್ಲೊಬ್ಬಳು ತನಗೇ ತಿಳಿಯದೆ ಬೇರೆ ಕಡೆ ನೋಡಿದಳು. ಅದನ್ನು ಶಿವಕ್ಕ ಕಂಡಳು, ರಕ್ಷಾಳೂ ಕಂಡಳು.

ಹೋದ ತಿಂಗಳು ಬ್ಯಾಡರಹಳ್ಳಿಯಿಂದ ಶಂಭುಲಿಂಗಪ್ಪನ ಅಣ್ಣನ ಮಗಳು ಸೌಂದರ್ಯಾ ಬಂದಿದ್ದಳು. ಅವಳಿಗೂ ಅದೇ ಆಪರೇಷನ್ ಆಗಬೇಕು. ಚಿಕ್ಕಪ್ಪ ಬೈಯುತ್ತಾನೆಂದು ಹೆದರಿಕೊಂಡೇ ವಿಷಯ ತೆಗೆದಳು.

"ಮಾಡಿಸ್ಕೊ," ಎಂದ ಶಂಭುಲಿಂಗಪ್ಪ. "ಬೇಡ ಅನ್ನಲ್ಲ. ಹಲ್ಲು ತೋರಿಸಿದ್ಯಾ?"

"ಹಲ್ಲಾ? ಹಲ್ಲು ನೋವಿಲ್ಲ ಚಿಕ್ಕಪ್ಪ."

"ಇಲ್ಲಿ ಬಾ ಇವಳೇ," ಎಂದಳು ಶಿವಕ್ಕ. ಸೌಂದರ್ಯಾಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ಬಾಯಿ ತೆರೆಸಿ ನೋಡಿದಳು. ವಸಡು ಕೆಂಪಗೆ ಊದಿತ್ತು. "ಉಜ್ಜುವಾಗ ರಕ್ತ ಬರುತ್ತಲ್ವಾ?"

"ಬರುತ್ತೆ. ಎಲ್ಲರಿಗೂ ಬರಲ್ವಾ ಚಿಕ್ಕಮ್ಮ?"

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದಳು ಶಿವಕ್ಕ. "ರಕ್ಷಾ, ಚಪ್ಪಲಿ ಹಾಕ್ಕೊ. ಇವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು. ಅಲ್ಲಿ ಇವಳೇನಾದ್ರೂ ಸುಳ್ಳು ಹೇಳಿದ್ರೆ ನೀನು ಬಾಯಿ ಬಿಡು."

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮೈ ಭಾರವಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ನಿಮ್ಮ ವಸಡನ್ನೂ ಒಮ್ಮೆ ತೋರಿಸಿಕೊಳ್ಳಿ. ತೂಕ ಇಳಿಸುವ ಆಪರೇಷನ್ ನಿಗದಿಯಾಗಿದ್ದರೆ, ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರ ಬಳಿ ಹೋಗಿ, ಆದ ಮೇಲೂ ಹೋಗುತ್ತಿರಿ. ಸರ್ಕಾರಿ ಆಸ್ಪತ್ರೆಗಳಲ್ಲೂ ಹಲ್ಲಿನ ವಿಭಾಗವಿರುತ್ತದೆ, ವಿಚಾರಿಸಿ. ಊಟವನ್ನು ನುಣ್ಣಗೆ ಅಗಿದು ನುಂಗಿ. ಮಧ್ಯೆ ಮಧ್ಯೆ ಬಾಯಾರಿದರೆ ಜ್ಯೂಸ್ ಬೇಡ, ನೀರು ಕುಡಿಯಿರಿ. ವಾಂತಿಯಾದರೆ ಮೊದಲು ನೀರಿನಲ್ಲಿ ಮುಕ್ಕಳಿಸಿ. ಬ್ರಷ್ ಒಂದು ಗಂಟೆ ಕಾಯಲಿ.

ವಾಂತಿಯಾದ ಕೂಡಲೇ ಉಜ್ಜಬಾರದೆಂದು ಶಿವಕ್ಕನಿಗೆ ಯಾರೂ ಹೇಳಿರಲಿಲ್ಲ. ಹೇಗೆ ಹೇಳಿಯಾರು? ವಾಂತಿಯಾಗುತ್ತಿದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ನಿಮಗೆ ಹಾಗಾದರೆ ನೀವು ಡಾಕ್ಟರಿಗೆ ಹೇಳಿ.