ನನ್ನ ಥರ ಬಿಡು

ನಿಪ್ಪಾಣಿಯ ಹಳೇ ಪೇಟೆಯಲ್ಲಿ ಬಾಬುಸಾಬರ ಕೋಲ್ಡ್ರಿಂಕ್ ಅಂಗಡಿ ಮೂವತ್ತೈದು ವರ್ಷ ಒಲೆಯಿಲ್ಲದೆ ನಡೆಯಿತು. ಸೋಡಾ, ಶರಬತ್ತು, ಫಾಲೂದಾ ಅಷ್ಟೇ. ಚಹಾ ಕೇಳಿದವರಿಗೆ ಎದುರಿನ ಹೋಟೆಲು ತೋರಿಸಿ ಕಳಿಸುತ್ತಿದ್ದರು. ಅವರು ತೀರಿಕೊಂಡು ಇಂದಿಗೆ ನಲವತ್ತನೆಯ ದಿನ. ಹೋದವರ ಜೀವ ನಲವತ್ತು ದಿನ ಮನೆಯ ಸುತ್ತಲೇ ಇರುತ್ತದೆ, ಆ ದಿನ ಅವರಿಗೆ ಸೇರುವುದನ್ನು ಮಾಡಿಟ್ಟು ಫಾತಿಹಾ ಓದಿಸಿದರೆ ತೃಪ್ತಿಯಾಗಿ ಹೊರಡುತ್ತದೆ ಎಂಬುದು ಮನೆಯವರ ನಂಬಿಕೆ. ಸೊಸೆ ಮಸರತ ತೆಲಸಂಗದವಳು, ಅಥಣಿಯಲ್ಲಿ ಬಿ.ಕಾಂ. ಮುಗಿಸಿದವಳು, ಇಂಥದ್ದನ್ನು ನಂಬುವವಳಲ್ಲ. ಆದರೂ ಈ ದಿನ ಯಾವಾಗ ಬಂದೀತೆಂದು ಕಾಯುತ್ತಿದ್ದಳು. ಅದು ಮಗಳು ಸಾನಿಯಾಳಿಗಾಗಿ.

ಆರು ವರ್ಷದ ಸಾನಿಯಾ ದಾದಾ ದಾದಾ ಎನ್ನುತ್ತ ಅಜ್ಜನ ಬಾಲವಾಗಿದ್ದಳು. ಅವರು ಹೋದಾಗ ಅವಳು ಅಳಲೇ ಇಲ್ಲ. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದಳು. ನಡುವೆ ನಿಲ್ಲಿಸಿ, ಯಾರೋ ಹೇಳಿದ್ದನ್ನು ಕೇಳಿಸಿಕೊಂಡವಳಂತೆ ತಲೆಯಾಡಿಸಿ, ಮತ್ತೆ ಮಾತು ಮುಂದುವರಿಸುತ್ತಿದ್ದಳು. ಬಿಸಿಯದೇನನ್ನೂ ಮುಟ್ಟುತ್ತಿರಲಿಲ್ಲ. ರೊಟ್ಟಿ ಆರಬೇಕು, ಹಾಲು ಆರಬೇಕು. ಏಪ್ರಿಲ್ ಬಿಸಿಲಿನಲ್ಲೂ ಅವಳ ಕೈ ಐಸಿನಿಂದ ಎತ್ತಿದ ಬಾಟಲಿಯಂತಿರುತ್ತಿತ್ತು. ಚಿಕ್ಕೋಡಿಯ ಡಾಕ್ಟರು ರಕ್ತ ತೆಗೆದು ನೋಡಿ ಏನೂ ಇಲ್ಲ ಎಂದಿದ್ದರು. ಮೊನ್ನೆ ಅವಳ ಶಾಲೆಯ ಚೀಲದಲ್ಲಿ ಪುಸ್ತಕಗಳ ಬದಲು ಮಡಚಿದ ಬಟ್ಟೆ ಸಿಕ್ಕವು.

"ಇವು ಯಾಕ ಇಲ್ಲಿ?" ಎಂದಳು ಮಸರತ.

"ದಾದಾ ಹೊಂಟಾರಲ್ಲ ಅಮ್ಮಿ, ನಲವತ್ತಕ್ಕ. ನಾನೂ ಹೋಗಾಕಿ."

ಅಂದಿನಿಂದ ಮಸರತ ಮಗಳನ್ನು ಕಣ್ಣಳತೆಯಿಂದ ದೂರ ಬಿಟ್ಟಿರಲಿಲ್ಲ. ಮಾವ ಹೋಗಲಿ, ಒಬ್ಬರೇ ಹೋಗಲಿ. ಅವಳಿಗೆ ಬೇಕಾದದ್ದು ಅಷ್ಟೇ.

ಫಾತಿಹಾಕ್ಕೆ ಅವರ ಫಾಲೂದಾವನ್ನೇ ಇಡಬೇಕೆಂದು ಅತ್ತೆ ಕುಲಸುಂಬಿ ಹೇಳಿದ್ದರು. ಆದರೆ ಮನೆಮನೆಗೆ ಹಂಚುವಷ್ಟರಲ್ಲಿ ಫಾಲೂದಾ ನೀರಾಗುತ್ತದೆ. ಹಾಗಾಗಿ ಅದರ ಬಣ್ಣಗಳನ್ನೇ ಪದರ ಪದರವಾಗಿ ಕೂಡಿಸಿ ಬರ್ಫಿ ಮಾಡುತ್ತೇನೆಂದಳು ಮಸರತ.

"ಮಾಡು. ಆದ್ರ ಒಲಿ ಹಚ್ಚಬ್ಯಾಡ ನೋಡು," ಎಂದರು ಕುಲಸುಂಬಿ. "ಬೆಂಕಿ ಕಂಡದ್ದನ್ನ ಅವರು ಮುಟ್ಟಾಂಗಿಲ್ಲ."

ಅಂಗಡಿ ಮುಚ್ಚಿದ ಮೇಲೆ ಅದರ ಫ್ರಿಜ್ಜು ಅಡುಗೆಮನೆಗೆ ಬಂದಿತ್ತು. ಬೆಳಿಗ್ಗೆ ಅದನ್ನು ತೆರೆದಾಗ ಬಾಗಿಲ ಒಳಗೆ ಮಾವನ ಕೈಬರಹದ ಚೀಟಿ ಅಂಟಿಕೊಂಡಿತ್ತು: "ತಳಕ್ಕ ಶಾವಿಗಿ. ಗುಲಾಬಿ. ಹಸರ. ಬಿಳಿ. ಮ್ಯಾಲ ನನ್ನ ಥರ ಬಿಡು."

ಮಸರತ ಅದನ್ನು ಎರಡು ಸಲ ಓದಿಕೊಂಡು ಕೆಲಸಕ್ಕೆ ತೊಡಗಿದಳು. ಶಾವಿಗೆಯ ಬದಲು ಬಿಸ್ಕೀಟು ಪುಡಿಮಾಡಿ ತುಪ್ಪದಲ್ಲಿ ಕಲಸಿ ಪಕ್ಕದ ಮನೆಯ ತಾರವ್ವ ಕೊಟ್ಟ ಸ್ಟೀಲಿನ ತಟ್ಟೆಯಲ್ಲಿ ಒತ್ತಿದಳು. ಡಬ್ಬಿಯ ಗಟ್ಟಿ ಹಾಲಿಗೆ ಹಾಲಿನ ಪುಡಿ, ಕೊಬ್ಬರಿ ಪುಡಿ ಸೇರಿಸಿ ನಾದಿ ಮೂರು ಪಾಲು ಮಾಡಿದಳು. ಒಂದಕ್ಕೆ ಗುಲಾಬಿ ಶರಬತ್ತು, ಒಂದಕ್ಕೆ ಅರೆದ ಪಿಸ್ತಾ. ಒಂದೊಂದು ಪದರ ಹರಡಿ, ಅದು ಗಟ್ಟಿಯಾಗುವ ತನಕ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಇನ್ನೊಂದು. ಬಿಳಿ ಪಾಲಿಗೆ ಕೆನೆ ಹಾಕಿ ಸುರಿಯುವಷ್ಟು ಸಡಿಲ ಮಾಡಿಕೊಂಡಳು. ಮಾವ ಎಡಚರು, ಫಾಲೂದಾದ ಮೇಲಿನ ಬಿಳಿಯನ್ನು ಚಮಚದ ಬೆನ್ನ ಮೇಲೆ ಎತ್ತರದಿಂದ ಬಿಡುತ್ತಿದ್ದರು. ಚೀಟಿ ಹೇಳಿದಂತೆ ಅವಳೂ ಎಡಗೈಯಿಂದ ಹಾಗೆಯೇ ಬಿಟ್ಟಳು, ತಟ್ಟೆಯ ಅಂಚಿನ ತನಕ.

ಅವಳ ಎಡಗೈ ಎಂದೂ ಅಷ್ಟು ಸಲೀಸಾಗಿ ಓಡಿದ್ದಿಲ್ಲ. ಅವಳಿಗೆ ಅದು ಹಿಡಿಸಲಿಲ್ಲ.

ಎರಡು ತಾಸು ಕಳೆದರೂ ಬಿಳಿ ಪದರ ಗಟ್ಟಿಯಾಗಲಿಲ್ಲ. ಮೇಲಿನ ಐಸಿನ ಖಾನೆಯಲ್ಲಿಟ್ಟಳು. ಪಕ್ಕದ ಬಾಟಲಿಯ ನೀರು ಕಲ್ಲಾಯಿತು, ಬಿಳಿ ಮಾತ್ರ ಹಾಗೆಯೇ ತುಳುಕುತ್ತಿತ್ತು. ಬಾಗಿಲು ಹಾಕಿ ತಿರುಗಿದರೆ ಹಿಂದೆ ಸಾನಿಯಾ, ಬೆನ್ನಿಗೆ ಶಾಲೆಯ ಚೀಲ.

"ಅದರಾಗ ದಾದಾಗ ಜಾಗಾ ಇಲ್ಲಂತ ಅಮ್ಮಿ," ಎಂದಳು. "ಅದಕ್ಕ ನನ್ನ ಕೈ ಹಿಡಕೊಂಡಾರ."

ಅವಳ ಬಲಗೈ ಗಾಳಿಯಲ್ಲಿ ಸ್ವಲ್ಪ ಮೇಲೆದ್ದಿತ್ತು, ಎತ್ತರದವರ ಕೈ ಹಿಡಿದ ಮಗುವಿನ ಕೈಯಂತೆ.

ಮಸರತ ಅವಳನ್ನು ಎತ್ತಿಕೊಂಡು ಅಡುಗೆಮನೆಯಿಂದ ಹೊರಗೆ ಓಡಿದಳು. ಪಡಸಾಲೆಯಲ್ಲಿ ಕುಲಸುಂಬಿಯ ಜೊತೆ ತಾರವ್ವ ಕೂತಿದ್ದಳು.

"ಯಾಕ ಬೇ, ದೆವ್ವ ಕಂಡಂಗ ಓಡಿ ಬಂದಿ?" ಎಂದು ನಕ್ಕಳು ತಾರವ್ವ.

"ಗಟ್ಟಿ ಆಗವಲ್ದು ಅತ್ತಿ," ಮಸರತ ಏದುಸಿರು ಬಿಟ್ಟಳು. "ಚೀಟ್ಯಾಗ ಬರದಂಗ ಮಾಡೀನಿ. ನನ್ನ ಥರ ಬಿಡು ಅಂತಿತ್ತು, ಅವರಂಗ ಎಡಗೈಲೇ ಬಿಟ್ಟೆ. ತಟ್ಟಿ ತುಂಬ."

"ತುಂಬ?" ತಾರವ್ವ ಗಲ್ಲದ ಮೇಲೆ ಕೈಯಿಟ್ಟಳು. "ಮೂವತ್ತೈದ ವರ್ಸ ಕುಡದೀನವ್ವ, ಬಾಬುಸಾಬರ ಗ್ಲಾಸು ತುಂಬಿದ್ದು ಒಮ್ಮಿನೂ ನೋಡಿಲ್ಲ. ಒಂದ ಬಟ್ಟು ಕಡಿಮಿ! ಕಳ್ಳ ಅದಿರಿ ನೀವು ಅಂದ್ರ, 'ಮ್ಯಾಲಿಂದು ನನ್ನ ಥರ ತಾರವ್ವ, ಕೆಳಗಿಂದು ನಿಂದು' ಅಂತಿದ್ರು."

ಕುಲಸುಂಬಿ ನಗಲಿಲ್ಲ.

"ತೆಲಸಂಗದಾಕಿ, ಓದಿದಾಕಿ, ನಿನಗ ಹೆಂಗ ತಿಳೀಬೇಕ," ಎಂದರು ಮೆಲ್ಲಗೆ. "ಅವರಿಗೆ 'ನನ್ನಂಗ' ಅನ್ನಾಕ ಬರ್ತಿರಲಿಲ್ಲೇನ? ನಿಪ್ಪಾಣಿ ಮಂದಿ ನಾವು, ಅರ್ಧ ಮಾತು ಮರಾಠಿ. ಥರ ಅಂದ್ರ ಪದರ. ನನ್ನ ಪದರ ಬಿಟ್ಟಿರು ಅಂತ ಬರದಾರ. ಅವರ ಪಾಲಿನ ಜಾಗಾ ನೀ ಮುಚ್ಚೀದಿ."

ಮಸರತ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಒಳಗೆ ಹೋದಳು. ತಟ್ಟೆ ಹೊರತೆಗೆದು ಸೌಟಿನಿಂದ ಬಿಳಿಯನ್ನು ತೋಡತೊಡಗಿದಳು. ಬೆರಳಿಟ್ಟು ಅಳೆದು, ಒಂದು ಬಟ್ಟಿನಷ್ಟು ಖಾಲಿಯಾದ ಮೇಲೆ ನಿಲ್ಲಿಸಿದಳು. ಕೆಳಗೆ ಉಳಿದದ್ದು ಅವಳ ಕಣ್ಣೆದುರೇ, ಅಂಚಿನಿಂದ ನಡುವಿಗೆ, ಹೊಳಪು ಕಳೆದುಕೊಂಡು ಬಿಗಿಯುತ್ತ ಬಂತು. ಫ್ರಿಜ್ಜಿನಲ್ಲಿ ಇಡುವ ಮುಂಚೆಯೇ ಗಟ್ಟಿಯಾಗಿತ್ತು. ಮೇಲಿನ ಖಾಲಿ ಜಾಗದಲ್ಲಿ ಕೈಯಾಡಿಸಲು ಅವಳಿಗೆ ಧೈರ್ಯವಾಗಲಿಲ್ಲ.

"ಇದು ನಿಮ್ಮದು ಮಾಮಾ," ಎಂದಳು, ತಟ್ಟೆಯನ್ನು ನೋಡುತ್ತ. "ನಿಮ್ಮದಷ್ಟ ತಗೊಂಡ ಹೋಗ್ರಿ. ಅಕೀನ್ನ ಬಿಡ್ರಿ."

ಮಧ್ಯಾಹ್ನದ ನಮಾಜು ಮುಗಿಸಿ ಬಂದವರು ಫಾತಿಹಾ ಓದಿದರು. ಊದಿನಕಡ್ಡಿಯ ಹೊಗೆ ತಟ್ಟೆಯ ಮೇಲೆ ಬಂದು, ಕೆಳಗಿಳಿದು, ಅಂಚಿನೊಳಗೆ ಒಂದು ಬಟ್ಟು ದಪ್ಪಕ್ಕೆ ನಿಂತಿತು. ಕೊನೆಯ ದುವಾ ಮುಗಿಯುವಾಗ ಒಮ್ಮೆಲೇ ಎದ್ದು ಬಾಗಿಲಿನಿಂದ ಹೊರಗೆ ಹೋಯಿತು. ಗಾಳಿಯಿರಲಿಲ್ಲ. ಅಜ್ಜಿಯ ಮಡಿಲಲ್ಲಿದ್ದ ಸಾನಿಯಾ ಕುತ್ತಿಗೆ ಸೋತು ನಿದ್ದೆಹೋದಳು.

ಮಸರತ ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿಕೊಂಡು ಕೂತಳು. ಬರ್ಫಿ ಕತ್ತರಿಸಿದ್ದು, ಹಂಚಿದ್ದು ಯಾವುದನ್ನೂ ಅವಳು ನೋಡಲಿಲ್ಲ. ಹೊತ್ತು ಇಳಿಯುವಾಗ ಆ ಪುಟ್ಟ ಅಂಗೈಯಲ್ಲಿ ಬೆವರು ಮೂಡಿತು.

"ಅಮ್ಮಿ, ಚಹಾ ಕೊಡು," ಸಾನಿಯಾ ಕಣ್ಣುಜ್ಜುತ್ತ ಎದ್ದಳು. "ಸುಡು ಸುಡು ಇರಬೇಕ ಮತ್ತ."

ಮಸರತ ಅಳುತ್ತಲೇ ನಕ್ಕಳು. ಕುಲಸುಂಬಿ ಮೊಮ್ಮಗಳ ಹಣೆಗೆ ಮುತ್ತಿಟ್ಟು, ಗೋಡೆಯ ಫೋಟೋ ಕಡೆಗೆ ಅವಳ ಮುಖ ತಿರುಗಿಸಿದರು. "ದಾದಾಗ ಸಲಾಮ ಹೇಳು ಬೇಟಾ. ದೂರ ಹೋಗ್ಯಾರ."

ಸಾನಿಯಾ ಫೋಟೋ ನೋಡಿದಳು. ಬಹಳ ಹೊತ್ತು, ಮರ್ಯಾದೆಯಿಂದ, ಮನೆಗೆ ಬಂದ ಹೊಸಬರನ್ನು ನೋಡುವ ಹಾಗೆ.

"ದಾದಿ, ಇವರ್ಯಾರು?" ಎಂದು ಅಜ್ಜಿಯನ್ನು ಕೇಳಿದಳು.

"ಹುಚ್ಚಿ, ಚ್ಯಾಷ್ಟಿ ಮಾಡ್ತಿ? ದಿನಾ ನಿನಗ ಸೋಡಾ ಯಾರ ಕುಡಸ್ತಿದ್ರ?"

"ನಾ ಎಂದ ಸೋಡಾ ಕುಡದೀನಿ?" ಎಂದಳು ಸಾನಿಯಾ. ಅವಳ ಕಣ್ಣಲ್ಲಿ ತುಂಟತನವಿರಲಿಲ್ಲ.

ನಿಮ್ಮದಷ್ಟ ತಗೊಂಡ ಹೋಗ್ರಿ ಎಂದು ತಾನೇ ಅಂದದ್ದು ಮಸರತಳಿಗೆ ನೆನಪಾಯಿತು. ಆದರೂ ಅವರು ಯಾರೆಂದು ಹೇಳಲು ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಕುಲಸುಂಬಿಯ ಒರಟು ಅಂಗೈ ಅವಳ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು.

"ಬ್ಯಾಡ," ಎಂದರು. ನಲವತ್ತು ದಿನ ತಡೆದಿದ್ದ ಅಳು ಈಗ ಅವರ ದನಿಯಲ್ಲಿತ್ತು. "ಕರದ್ರ ಹೊಳ್ಳಿ ಬಂದಾರು."

ಅವರೇ ಎದ್ದು, ಮೊಳೆಯಿಂದ ಫೋಟೋ ತೆಗೆದು, ಸೆರಗಿನಲ್ಲಿ ಸುತ್ತಿ ಒಳಕೋಣೆಗೆ ಹೋದರು. ಮಸರತ ಮಗಳನ್ನು ಸೊಂಟದ ಮೇಲೆತ್ತಿಕೊಂಡು ಒಲೆ ಹಚ್ಚಿದಳು.