ಏಳನೇ ನಂಬರನ್ನು ಇಳಿಸುವ ಕ್ರಮ

ಮತ್ತೆ ಸತ್ತಿತು.

ನೆವಿಲ್ ಕುರ್ಚಿಯಲ್ಲಿ ಅಲುಗಾಡಲಿಲ್ಲ. ಅಲುಗಾಡದ್ದಕ್ಕೆ ತಲೆಯ ಮೇಲಿನ ದೀಪವೂ ಆರಿತು. ಕೆಳಗೆ ಮನುಷ್ಯ ಅಲುಗಾಡಿದರಷ್ಟೇ ಉರಿಯುವ ದೀಪ ಅದು. ಬಲಗೈ ಮೇಲೆತ್ತಿ ಬೀಸಿದ, ಬೆಳಕು ಬಂತು.

"ಇನ್ನೂ ಬದುಕಿದ್ದೀಯಾ ಮಾರಾಯ?" ಎಂದ ಪಕ್ಕದ ಮೇಜಿನ ಗೋರನ್, ತಿರುಗಿಯೂ ನೋಡದೆ. ದಿನಾ ಆಗುವ ತಮಾಷೆ.

"ನಾನು ಬದುಕಿದ್ದೀನಿ. ಸತ್ತಿರೋದು ಮೆಷೀನು."

ಗಾಜಿನ ಗೋಡೆಯ ಆಚೆ ನಿಂತಿದ್ದ ಆ ಮೆಷೀನಿನಲ್ಲಿ ಎಂಟು ಪ್ರೊಸೆಸರು, ಸೊನ್ನೆಯಿಂದ ಏಳರವರೆಗೆ ನಂಬರು. ಮೆಷೀನು ಓಡುತ್ತಿರುವಾಗಲೇ ಅವುಗಳಲ್ಲಿ ಒಂದನ್ನು ಕೆಲಸದಿಂದ ಇಳಿಸಬಹುದು, ಬೇಕೆಂದಾಗ ಮತ್ತೆ ಹತ್ತಿಸಬಹುದು. ಬಳಸುವವರಿಗೆ ಸುಳಿವೂ ಸಿಗಬಾರದು. ಆ ಇಳಿಸುವ ಹತ್ತಿಸುವ ಕ್ರಮವನ್ನು, ಮೆಷೀನನ್ನು ನಡೆಸುವ ಮೂಲ ಪ್ರೋಗ್ರಾಂ ಆದ ಕರ್ನಲ್‌ನೊಳಗೆ ಬರೆದು ಸಾಕಿದವನು ನೆವಿಲ್. ಕ್ಯಾನ್‌ಬೆರಾದ ಈ ಕಟ್ಟಡದಲ್ಲಿ ಅದರ ಹಿಂದೆ ಬಿದ್ದೇ ಅವನ ಕೂದಲು ನರೆತಿತ್ತು. ಈಗ ಏಳನ್ನು ಇಳಿಸಿದರೆ ಇಡೀ ಮೆಷೀನೇ ಕುಸಿಯುತ್ತಿತ್ತು. ಪ್ರತಿ ಸಲವೂ ಅಲ್ಲ. ಪ್ರತಿ ಸಲವೂ ಕುಸಿದಿದ್ದರೆ ಅವನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ.

ಒಳಗೆ ಏನಾಗುತ್ತಿದೆಯೆಂದು ನೋಡಲು ಹೆಜ್ಜೆ ಹೆಜ್ಜೆಗೂ ಪರದೆಯ ಮೇಲೆ ಒಂದು ಸಾಲು ಮೂಡುವಂತೆ ಮಾಡಿದ. ಕುಸಿತ ಮಾಯವಾಯಿತು. ಸಾಲುಗಳನ್ನು ತೆಗೆದ. ಸತ್ತಿತು. ಯಾರಾದರೂ ನೋಡುತ್ತಿರುವಷ್ಟು ಹೊತ್ತು ಸಭ್ಯವಾಗಿರುವ ವಸ್ತು. ಅವನಿಗೆ ತನ್ನ ಮದುವೆ ನೆನಪಾಯಿತು. ನೆನಪನ್ನು ಅಲ್ಲಿಗೇ ಬಿಟ್ಟ.

ಬ್ರಿಯೋನಿ ಕಾಫಿ ಹಿಡಿದು ಬಂದಳು. ಅವನ ಪಕ್ಕ ಕೂತು ಕೆಲಸ ಕಲಿತವಳು. ಈಗ ತಂಡದ ಮುಖ್ಯಸ್ಥೆ.

"ಹೆಂಗಿದೆ?"

"ಸಾಲು ಮೂಡಿಸಿದ್ರೆ ಸಾಯಲ್ಲ."

"ಹಂಗಾದ್ರೆ ಅಲ್ಲೊಂಚೂರು ತಡ ಆಗೋ ಹಾಗೆ ಮಾಡಿ ಮುಗಿಸಿಬಿಡು. ಸೋಮವಾರ ಇದು ಹೊರಗೆ ಹೋಗ್ಬೇಕು."

"ಅದು ರಿಪೇರಿ ಅಲ್ಲ. ಕಣ್ಣೊರೆಸೋದು."

"ನಿನ್ನಿಷ್ಟ." ಅವಳು ಹೋಗಲಿಲ್ಲ. "ನೀನು ಮಾಡ್ತಿದ್ದ ಟೈಮರ್ ಕೆಲಸ ಗೋರನ್‌ಗೆ ಕೊಟ್ಟಿದ್ದೀನಿ. ನಿನ್ನ ತಲೆ ಮೇಲಿನ ಭಾರ ಇಳೀಲಿ ಅಂತ."

"ಭಾರ ಅಂತ ನಾನು ಹೇಳಿರ್ಲಿಲ್ಲ."

"ನೀನು ಯಾವುದನ್ನು ಹೇಳ್ತೀಯ?" ಎಂದು ಎರಡು ಹೆಜ್ಜೆ ಹೋದವಳು ತಿರುಗಿದಳು. "ನಿಂಗೆ ವಾಲ್‌ನಟ್ ಎಲ್ಲ ಆಗುತ್ತೆ ಅಲ್ವಾ? ಅಲರ್ಜಿ ಏನಿಲ್ಲ ತಾನೆ?"

"ಇಲ್ಲ. ಯಾಕೆ?"

"ಸುಮ್ನೆ."

ಮಧ್ಯಾಹ್ನ ಗೋರನ್ ಎರಡು ಮಾಂಸದ ಪೈ ತಂದು ಒಂದನ್ನು ಅವನ ಮುಂದಿಟ್ಟ. ತನ್ನದರ ಮೇಲೆ ಟೊಮೆಟೊ ಸಾಸ್ ಸುರಿಯುತ್ತಾ ಕೇಳಿದ: "ಮೆಷೀನ್ ರೂಮಿನ ಆ ಹಳೇ ಬೀಗದ ಕೀ ಎಲ್ಲಿಡ್ತೀಯ?"

"ಡ್ರಾಯರಲ್ಲಿ. ನಿಂಗ್ಯಾಕೆ?"

"ಅಕಸ್ಮಾತ್ ನೀನು ಬಸ್ಸಿನಡಿ ಬಿದ್ರೆ?"

ಈ ಕಸುಬಿನವರ ಹಳಸಲು ತಮಾಷೆ ಅದು. ಒಬ್ಬನಿಗೇ ಗೊತ್ತಿರುವ ವಿದ್ಯೆಯ ಮಾತು ಬಂದಾಗಲೆಲ್ಲ ಆ ಬಸ್ಸು ಬರುತ್ತದೆ.

"ಯಾವ ಬಸ್ಸು?"

"ಯಾವುದೋ ಒಂದು," ಎಂದ ಗೋರನ್. ಎಂದಿನಂತೆ ನಗಲಿಲ್ಲ. ಪೈಯನ್ನೇ ನೋಡುತ್ತಿದ್ದ.

ಸತ್ತ ಮೆಷೀನು ಉಳಿಸಿಹೋದ ನೆನಪನ್ನು, ಸಾಯುವ ಗಳಿಗೆಯ ದಾಖಲೆಯನ್ನು, ನೆವಿಲ್ ತೆರೆದು ಓದತೊಡಗಿದ. ಕ್ರಮ ಅವನಿಗೆ ಬಾಯಿಪಾಠ. ಇಳಿಯುವ ಪ್ರೊಸೆಸರಿನ ಕೆಲಸವನ್ನು ಒಂದೊಂದಾಗಿ ಉಳಿದವಕ್ಕೆ ಹಂಚಬೇಕು. ಆಮೇಲೆ ಅದರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬೇಕು. ಕೊನೆಗೆ ಅದು ತಾನೇ ಆರಬೇಕು. ಇಲ್ಲಿ ಎರಡನೇ ನಂಬರು ಎಲ್ಲರನ್ನೂ ಕೂಗಿತ್ತು: ಇದ್ದೀರಾ, ಉತ್ತರ ಕೊಡಿ. ಉಳಿದವೆಲ್ಲ ಕೊಟ್ಟಿದ್ದವು. ಏಳು ಆಗಲೇ ಆರಿತ್ತು. ಹೆಸರು ಮಾತ್ರ ಪಟ್ಟಿಯಲ್ಲಿತ್ತು. ಎರಡು ಕಾಯುತ್ತಾ ನಿಂತಿತು. ಹಾಗೆ ನಿಂತವರನ್ನು ಹಿಡಿಯಲೆಂದೇ ಒಳಗೆ ಬರೆದಿಟ್ಟ ಕಾವಲುಗಾರ ಬಂದು ಮೆಷೀನನ್ನೇ ಕೆಡವಿದ. ಸಾಲುಗಳನ್ನು ಮೂಡಿಸಿದಾಗ ಏಳು ಹೊರಡುವುದು ಒಂದಿಷ್ಟು ತಡವಾಗುತ್ತಿತ್ತು. ಹೋಗುವ ಮುಂಚೆ ಉತ್ತರ ಕೊಟ್ಟು ಹೋಗುತ್ತಿತ್ತು. ಅಷ್ಟೇ.

ಕೆಲಸವನ್ನೆಲ್ಲ ಒಂದೊಂದಾಗಿ ಹಂಚಿಯಾಗಿತ್ತು.

ಅವನು ಪೈ ಕೆಳಗಿಟ್ಟ. ಟೈಮರ್. ಕೀ. ವಾಲ್‌ನಟ್. ಅಂದರೆ ಕೇಕ್. ಈ ತಂಡದಲ್ಲಿ ಅದು ಬರುವುದು ಎರಡಕ್ಕೇ: ಯಾರಿಗಾದರೂ ಮಗು ಹುಟ್ಟಿದರೆ, ಯಾರಾದರೂ ಬಿಟ್ಟು ಹೋದರೆ. ಮಗು ಯಾರಿಗೂ ಹುಟ್ಟುವಂತಿರಲಿಲ್ಲ.

ಎದ್ದು ಬ್ರಿಯೋನಿಯ ಕೋಣೆಯ ಬಾಗಿಲಲ್ಲಿ ನಿಂತ. "ಸಿಕ್ತು. ಕ್ರಮ ತಪ್ಪಿದೆ. ಕೆಲಸ ಎಲ್ಲ ತೆಗೆದುಕೊಂಡಿದ್ದಾರೆ, ಹೆಸರು ಮಾತ್ರ ಹಾಗೇ ಬಿಟ್ಟಿದ್ದಾರೆ."

"ಸರಿ ಮಾಡಕ್ಕೆ ಎಷ್ಟೊತ್ತು?"

"ಎರಡು ಸಾಲು ಹಿಂದೆ ಮುಂದೆ ಮಾಡಿದ್ರೆ ಆಯ್ತು." ಬಾಗಿಲು ಬಿಡಲಿಲ್ಲ. "ಬ್ರಿಯೋನಿ, ಸೋಮವಾರ..."

"ಸೋಮವಾರ ಮಾತಾಡೋಣ," ಎಂದಳು, ಬೇಕಾದ್ದಕ್ಕಿಂತ ಬೇಗ. "ಬೆಳಿಗ್ಗೆ ಅರ್ಧ ಗಂಟೆ ಇಟ್ಕೊಂಡಿರು."

"ಯಾವುದರ ಬಗ್ಗೆ?"

ಅವಳು ಪರದೆಯ ಕಡೆ ನೋಡಿದಳು. "ಹಿಂಗೇ. ಮುಂದಿನದರ ಬಗ್ಗೆ."

ಕೇಕ್ ಯಾರಿಗೆ ಎಂದು ಕೇಳಬಹುದಿತ್ತು. ಒಂದೇ ಮಾತು. "ಆಗ್ಲಿ," ಎಂದ.

ಮೇಜಿಗೆ ಬಂದು ಕೂತ. ಸಿಕ್ಕಿಲ್ಲ ಎಂದಿದ್ದರೆ ಸೋಮವಾರ ಮುಂದಕ್ಕೆ ಹೋಗುತ್ತಿತ್ತು. ಈಗಲೂ ತಡವಿಲ್ಲ, ನಾನಂದುಕೊಂಡದ್ದು ಅದಲ್ಲ ಎಂದರಾಯಿತು. ಈ ತಪ್ಪು ಅವನೊಬ್ಬನ ಕೈಗಷ್ಟೇ ಸಿಗುವಂಥದ್ದು. ಅದು ಬದುಕಿರುವವರೆಗೂ ಅವನು ಬೇಕು. ಅದಕ್ಕೆ ಅನ್ನ ಹಾಕಿ ಸಾಕಬಹುದು.

ಬೆರಳುಗಳು ಎರಡು ಸಾಲನ್ನೂ ಹಿಂದೆ ಮುಂದೆ ಮಾಡಿದವು. ಪ್ರಾಮಾಣಿಕತೆಯೋ ಚಟವೋ ಅವನಿಗೂ ಗೊತ್ತಾಗಲಿಲ್ಲ.

ಶುಕ್ರವಾರವಾದ್ದರಿಂದ ಎಲ್ಲರೂ ಪಬ್ಬಿಗೆ ಎದ್ದರು.

"ಬಾರೋ ನೆವ್," ಎಂದ ಗೋರನ್, ಜಾಕೆಟ್ ಏರಿಸುತ್ತಾ. "ಮೊದಲನೇ ಬಿಯರ್ ನಂದು." ಗೋರನ್ ಮೊದಲನೇ ಬಿಯರ್ ಕೊಡಿಸಿದ್ದನ್ನು ಈ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ.

"ಟೆಸ್ಟ್ ಮುಗಿಸಿ ಬರ್ತೀನಿ."

"ಬರ್ಬೇಕು ಮತ್ತೆ."

ಹೋದರು. ನೆವಿಲ್ ಏಳನ್ನು ಇಳಿಸಿದ. ಹತ್ತಿಸಿದ. ಇಳಿಸಿದ. ನೂರಾರು ಸಲ ಹಾಗೇ ಆಗುವಂತೆ ಬಿಟ್ಟು ನೋಡುತ್ತಾ ಕೂತ. ಹೊರಗೆ ನೀಲಗಿರಿ ಮರಗಳ ಮೇಲೆ ಕಾಕಟೂ ಗಿಳಿಗಳು ಕಿರುಚಿ ಕಿರುಚಿ ಸುಮ್ಮನಾದವು. ಚಳಿಗಾಲದ ಬಿಸಿಲು ಬೇಗ ಇಳಿಯಿತು. ಮೆಷೀನು ಸಾಯಲಿಲ್ಲ. ದೂರಿನ ಒಂದು ಸಾಲೂ ಮೂಡಲಿಲ್ಲ. ಈ ಕೆಲಸದಲ್ಲಿ ಗೆಲುವೆಂದರೆ ಅದೇ. ಕೊನೆಯ ಸಲ ಇಳಿಸಿ, ಹತ್ತಿಸದೆ ಬಿಟ್ಟ. ತಿದ್ದಿದ್ದನ್ನು ಕಳಿಸಿದ.

ಪರದೆಯ ಮೇಲೆ ಸೊನ್ನೆಯಿಂದ ಆರರವರೆಗೆ ಎಲ್ಲವೂ ತಮ್ಮ ಪಾಡಿಗೆ ಓಡುತ್ತಿದ್ದವು.

ತಲೆಯ ಮೇಲಿನ ದೀಪ ಆರಿತು.

ನೆವಿಲ್ ಬಲಗೈ ಮೇಲೆತ್ತಿ ಬೀಸಿದ. ಕತ್ತಲು ಹಾಗೇ ಇತ್ತು. ಇನ್ನಷ್ಟು ಮೇಲೆತ್ತಿ ಬೀಸಿದ. ಆಮೇಲೆ ಬೀಸುವುದನ್ನು ನಿಲ್ಲಿಸಿ, ಉತ್ತರ ಗೊತ್ತಿರುವ ಹುಡುಗ ತರಗತಿಯಲ್ಲಿ ಕೂರುವಂತೆ, ಕೈ ಎತ್ತಿಕೊಂಡೇ ಕೂತ.