ಭಾವನಿಗೆ ಕೊಟ್ಟ ಕ್ಯಾಮ್

ಹೊರಗಿನ ಗಿರಾಕಿಗಳು ಬಂದರೆ ನಾನು ಪೊಲೀಸರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತೇನೆ. ಹಳೆ ಕಾರುಗಳ ಎಂಜಿನ್ ಬಿಚ್ಚಿ ಕಟ್ಟುವುದು ನನ್ನ ಕಸುಬು. ಎಂಜಿನ್ನಿಗೆ ಇನ್ನಷ್ಟು ಜೋರು ಬೇಕೆಂದು ಬಂದವರಿಗೆ ಯಾವ ಕ್ಯಾಮ್‌ಶಾಫ್ಟ್ ಹಾಕಬೇಕೆಂದು ತೀರ್ಮಾನಿಸುವ ಮುಂಚೆ ಒಂದು ಹಾಳೆ ತುಂಬಿಸುತ್ತೇನೆ. ಕಾರಿನ ತೂಕ ಎಷ್ಟು, ಟೈರ್ ಎಷ್ಟು ದೊಡ್ಡದು, ಬ್ರೇಕ್ ಎಂಥದು, ಓಡಿಸುವವರು ಯಾರು. "ಕೆಲಸಕ್ಕೆ ಸೇರಿಸ್ಕೊಳ್ಳೋರೂ ಇಷ್ಟು ಕೇಳಲ್ಲ ಸ್ವಾಮಿ" ಎಂದು ಜನ ಗೊಣಗುತ್ತಾರೆ. ಗೊಣಗಲಿ.

ಭಾವನಿಗೆ ಮಾತ್ರ ಆ ಹಾಳೆ ತೋರಿಸಲಿಲ್ಲ. ಅಕ್ಕನ ಗಂಡ, ಮನೆಯವರು, ಅವರನ್ನೇನು ಕೇಳುವುದು?

ಕಾರು ಅವರ ಮನೆಯ ಶೆಡ್ಡಿನಲ್ಲೇ ಇತ್ತು. ಎಂಜಿನ್ ಒಂದನ್ನೇ ಇಳಿಸಿ ವ್ಯಾನಿನಲ್ಲಿ ತಂದಿದ್ದರು. ಬೆಂಚಿನ ಮೇಲೆ ಎರಡು ಶಾಫ್ಟ್ ಇಟ್ಟು ತೋರಿಸಿದೆ. ಶಾಫ್ಟಿನ ಮೈಮೇಲಿರುವ ಮೊಟ್ಟೆಯಾಕಾರದ ಉಬ್ಬುಗಳೇ ವಾಲ್ವುಗಳನ್ನು ತಳ್ಳಿ ತೆರೆಯುವುದು. ಎರಡನೇ ನಂಬರಿನದಕ್ಕೆ ಉಬ್ಬು ಸಣ್ಣದು, ನಾಲ್ಕನೆಯದಕ್ಕೆ ದೊಡ್ಡದು.

"ಎರಡು ಸಾಕು ಭಾವ. ಊರೊಳಗೆ ಓಡಿಸೋ ಗಾಡಿ. ಸಿಗ್ನಲ್ಲಲ್ಲಿ ತೆಪ್ಪಗೆ ನಿಲ್ಲುತ್ತೆ."

"ತೆಪ್ಪಗೆ ನಿಲ್ಲೋ ಹಾಗಿದ್ರೆ ನಿನ್ನ ಹತ್ರ ಯಾಕಯ್ಯಾ ಬರ್ಲಿ? ನಿಂತಾಗ ದಡ್ ದಡ್ ಅನ್ಬೇಕು. ಪಕ್ಕದ ಕಾರಿನವನು ಹೊಟ್ಟೆ ಉರ್ಕೋಬೇಕು."

ಎರಡು ಸಲ ಬೇಡ ಎಂದೆ. ಮೂರನೇ ಸಲ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಸೆ. ನಾಲ್ಕನೇ ನಂಬರಿನ ಶಾಫ್ಟ್ ಎಣ್ಣೆ ಕಾಗದ ಸುತ್ತಿಕೊಂಡು ಮೂರು ವರ್ಷ ಕಪಾಟಿನಲ್ಲಿ ಮಲಗಿತ್ತು. ಅದರ ಸದ್ದು ಒಮ್ಮೆ ಕೇಳಬೇಕಿತ್ತು.

ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪು ಮಾಡಲಿಲ್ಲ. ಪಿಸ್ಟನ್ ಮೇಲೆ ಜೇಡಿಮಣ್ಣು ಮೆತ್ತಿ, ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ, ವಾಲ್ವು ಎಷ್ಟು ಹತ್ತಿರ ಬರುತ್ತದೆಂದು ಅಳೆದೆ. ಗಾಳಿ ಒಳಹೋಗುವ ಮ್ಯಾನಿಫೋಲ್ಡಿನ ಪಕ್ಕದಲ್ಲಿ ಒಂದು ಕೊಳವೆಯ ತುದಿಗೆ ರಬ್ಬರ್ ಮುಚ್ಚಳ ಹಾಕಿದ್ದರು. ಅದನ್ನೂ ಒರೆಸಿದೆ. ಇದು ಯಾಕಿದೆ ಎಂದು ಕೇಳಲಿಲ್ಲ. ಭಾವನ ಕಡೆಯ ಫಿಟ್ಟರ್ ಬಂದು ಎಂಜಿನ್ ಒಯ್ದ, ಕೂರಿಸಿದ.

ನಾಲ್ಕನೇ ದಿನ ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ಭಾವನ ಫೋನು.

"ಏನು ಸದ್ದಯ್ಯಾ! ನಿನ್ನೆ ರಿಂಗ್ ರೋಡಲ್ಲಿ ಒಂದು ಸುತ್ತು ಹಾಕಿದೆ, ಜನ ಬಾಯಿ ಬಿಟ್ಕೊಂಡು ನೋಡಿದ್ರು. ಇವತ್ತು ನಿಮ್ಮಕ್ಕ ಸ್ಕೂಲಿಗೆ ತಗೊಂಡು ಹೋಗಿದ್ದಾಳೆ."

"ಅಕ್ಕನಾ? ಮಂಡಿ ಆಪರೇಷನ್ ಆದ್ಮೇಲೆ ಆ ಕಾರು ಓಡಿಸ್ತಾ ಇದ್ದಾಳಾ? ಅದರ ಬ್ರೇಕು ಒತ್ತೋಕೆ ನನ್ನ ಕಾಲೇ ನೋಯುತ್ತಲ್ಲ?"

"ಹಳೇ ಬ್ರೇಕು ಎಲ್ಲಿದೆ? ಅವಳಿಗೋಸ್ಕರ ಬೂಸ್ಟರ್ ಹಾಕಿಸಿ ವರ್ಷವಾಯ್ತು. ಬೆಣ್ಣೆ ಒತ್ತಿದ ಹಾಗೆ ಇಳಿಯುತ್ತೆ ಪೆಡಲ್ಲು."

ರಬ್ಬರ್ ಮುಚ್ಚಳದ ಆ ಕೊಳವೆ ಬೂಸ್ಟರಿನದು.

ಎಂಜಿನ್ ಗಾಳಿ ಎಳೆದುಕೊಳ್ಳುವ ಸೆಳೆತವಿದೆಯಲ್ಲ, ಬೂಸ್ಟರ್ ಬದುಕುವುದೇ ಅದರ ಮೇಲೆ. ನಾಲ್ಕನೇ ನಂಬರಿನ ಕ್ಯಾಮ್ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಹಾಗಾಗಿ ಎಂಜಿನ್ ನಿಧಾನಕ್ಕೆ ತಿರುಗುವಾಗ ಸೆಳೆತ ಇದ್ದೂ ಇಲ್ಲದ ಹಾಗೆ. ಒಂದೆರಡು ಸಲ ಒತ್ತಿದರೆ ಬ್ರೇಕಿನಲ್ಲಿ ಕೂಡಿಟ್ಟ ಬಲ ಮುಗಿಯುತ್ತದೆ. ಆಮೇಲೆ ಪೆಡಲ್ ಬಂಡೆ.

ಅಕ್ಕನ ಸ್ಕೂಲಿರುವುದು ಗುಡ್ಡದ ಮೇಲೆ. ಒಂದು ಗಂಟೆಗೆ ಅವಳ ಪಾಠ ಮುಗಿಯುತ್ತದೆ. ಪೆಟ್ರೋಲ್ ಉಳಿಸುವ ಮಹಾತಾಯಿ, ಇಳಿಜಾರು ಕಂಡರೆ ಸಾಕು, ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಜಾರಿಸಿಕೊಂಡು ಬರುತ್ತಾಳೆ. ಆಗ ಎಂಜಿನ್ ತಿರುಗುವುದೇ ನಿಧಾನಕ್ಕೆ. ಏಳು ತಿರುವು, ಕೆಳಗೆ ಜನ ಗಿಜಿಗುಡುವ ನಾಲ್ಕು ರಸ್ತೆ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಆಗಲೂ ಇಲ್ಲ. ಅಂಗಡಿಯ ಬಾಗಿಲೂ ಎಳೆಯದೆ ಸ್ಕೂಟರ್ ಹತ್ತಿದೆ.

ದಾರಿಯುದ್ದಕ್ಕೂ ಊಟದ ಹೊತ್ತಿನ ಟ್ರಾಫಿಕ್ಕು. ಎದುರಿನಿಂದ ಸೈರನ್ ಹೊಡೆಯುತ್ತ ಆಂಬುಲೆನ್ಸ್ ಬಂತು. ಅದು ಎಡಕ್ಕೆ ತಿರುಗಿ ಆಸ್ಪತ್ರೆ ಕಡೆ ಹೋಯಿತು. ಆಗಲೇ ಯಾರನ್ನೋ ಹೊತ್ತೊಯ್ಯುತ್ತಿದೆಯೇನೋ ಎಂಬ ಭಯಕ್ಕೆ ಅದರ ಹಿಂದೆ ಹೋಗಲೋ ನೇರ ಹೋಗಲೋ ತಿಳಿಯಲಿಲ್ಲ. ನೇರ ಹೋದೆ. ಸ್ಕೂಟರ್ ಮೇಲೇ ಅಳುತ್ತಿದ್ದೆ, ಭಾವನನ್ನು ಬಯ್ಯುತ್ತಿದ್ದೆ. ಅವರೇನು ಮಾಡಿದ್ದರು ಪಾಪ? ಕೇಳಬೇಕಾದವನು ನಾನು.

ಕಾರು ಕಾಣುವ ಮೊದಲು ಸದ್ದು ಕೇಳಿತು. ದಡ್ ದಡ್, ದಡ್ ದಡ್. ಇಳಿಜಾರಿನ ಬುಡದಲ್ಲಿ ಕಾರು ಫುಟ್‌ಪಾತಿಗೆ ಒಂದು ಚಕ್ರ ಹತ್ತಿಸಿ ಸೊಟ್ಟಗೆ ನಿಂತಿತ್ತು. ಎಡಬದಿಯೆಲ್ಲ ರಸ್ತೆ ಪಕ್ಕದ ಕಲ್ಲುಗೋಡೆಗೆ ಉಜ್ಜಿ ಬಣ್ಣ ಕಿತ್ತುಹೋಗಿತ್ತು. ಹತ್ತು ಹೆಜ್ಜೆ ಮುಂದೆ ಜನ ತಮ್ಮ ಪಾಡಿಗೆ ರಸ್ತೆ ದಾಟುತ್ತಿದ್ದರು. ಅಕ್ಕ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದಳು.

ನಾನೇ ಬಾಗಿಲು ತೆಗೆದು ಎಂಜಿನ್ ಆರಿಸಿದೆ.

"ಕಾಲು ಕೈ ಕೊಡ್ತು ಕಣೋ," ಅಂದಳು. ತುಟಿ ಬಿಳಿಚಿಕೊಂಡಿತ್ತು. "ಎರಡು ತಿರುವು ಸರಿ ಇತ್ತು. ಮೂರನೇದ್ರಲ್ಲಿ ಎಷ್ಟು ಒತ್ತಿದ್ರೂ ಪೆಡಲ್ ಇಳೀಲಿಲ್ಲ. ಎರಡೂ ಕಾಲಿಟ್ಟು ಒತ್ತಿದೆ. ಕೊನೆಗೆ ಹ್ಯಾಂಡ್‌ಬ್ರೇಕ್ ಎಳೆದು ಗೋಡೆಗೆ ಉಜ್ಜಿಸ್ದೆ. ಆ ಕಾಲು ಇನ್ನು ಮೊದಲಿನ ಹಾಗೆ ಆಗಲ್ಲ ಅಂತ ಡಾಕ್ಟರು ಹೇಳಿದ್ರು. ನಾನೇ ಹಟ ಮಾಡ್ದೆ."

"ಅಕ್ಕ..."

"ನಿಮ್ಮ ಭಾವಂಗೆ ಹೇಳ್ಬೇಡ. ತಿರುವಲ್ಲಿ ಕೈ ತಪ್ತು ಅಂತೀನಿ. ಇನ್ಮೇಲೆ ಬಸ್ಸಲ್ಲಿ ಹೋಗ್ತೀನಿ. ಕಾರು ಮುಟ್ಟಲ್ಲ."

ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಏನೋ ನೆಪ ಹೇಳಿ ಎಂಜಿನ್ ಇಳಿಸಿ, ಎರಡನೇ ನಂಬರ್ ಹಾಕಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದಾರಿಯಲ್ಲಿ ಪಟ್ಟ ಭಯಕ್ಕಿಂತ ಈಗಿನ ಭಯ ದೊಡ್ಡದು. ಅಪ್ಪ ಹೋದಮೇಲೆ ನನ್ನನ್ನು ಓದಿಸಿದವಳು. ಇವಳು ನನ್ನ ಮುಖ ನೋಡುವುದು ಬಿಟ್ಟರೆ ನನಗೆ ಯಾರಿದ್ದಾರೆ?

ಅವಳು ಎಡಗೈಯಿಂದ ಮಂಡಿಯನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು.

"ನಿನ್ನ ಕಾಲಿಗೇನೂ ಆಗಿಲ್ಲ ಅಕ್ಕ," ಅಂದೆ. "ನಾನು ಹಾಕಿದ ಕ್ಯಾಮ್‌ನಿಂದ ಬ್ರೇಕಿನ ಬಲ ಹೋಗಿದೆ. ಬೂಸ್ಟರ್ ಇದೆಯಾ, ಯಾರು ಓಡಿಸ್ತಾರೆ ಅಂತ ಕೇಳ್ಬೇಕಿತ್ತು. ಎಲ್ಲರನ್ನೂ ಕೇಳ್ತೀನಿ, ಭಾವನನ್ನ ಕೇಳ್ಲಿಲ್ಲ. ನನ್ನಿಂದ ನೀನು ಸಾಯ್ತಿದ್ದೆ."

ಅಕ್ಕ ನನ್ನನ್ನೇ ದಿಟ್ಟಿಸಿದಳು. ಕಪಾಳಕ್ಕೆ ಬಾರಿಸಲಿ ಎಂದು ಕಾದೆ.

"ಇನ್ನೊಂದ್ಸಲ ಹೇಳು."

"ತಪ್ಪು ನಂದು. ಆ ಕ್ಯಾಮ್..."

"ಅದಲ್ಲವೋ. ಮೊದಲು ಹೇಳಿದ್ದು."

"ನಿನ್ನ ಕಾಲಿಗೇನೂ ಆಗಿಲ್ಲ."

ಅಕ್ಕ ಸ್ಟೀರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.